ಕೆನೆ ತೆಗೆದ ಹಾಲು

ಆಸ್ಪತ್ರೆಯಲ್ಲಿ ಅವಳಿಗೆ ತಕ್ಕಡಿ ಅಕ್ಕ ಎಂದು ಹೆಸರು ಬಿದ್ದು ಎಷ್ಟೋ ವರ್ಷವಾಗಿತ್ತು. ಹೃದ್ರೋಗದ ವಾರ್ಡಿನಲ್ಲಿ ಯಾರು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳುವುದು ಅವಳ ಕೆಲಸ. ಹೇಳಿ ಸುಮ್ಮನಾಗುವ ಪೈಕಿಯಲ್ಲ ಅವಳು. ರೋಗಿಯ ತಟ್ಟೆ ಬಂದರೆ ಕೈಚೀಲದಿಂದ ಪುಟ್ಟ ತಕ್ಕಡಿ ತೆಗೆದು ಬ್ರೆಡ್ಡಿನ ತುಂಡನ್ನೂ ತೂಗಿ ನೋಡುತ್ತಿದ್ದಳು. ದಿಂಬಿನ ಕೆಳಗೆ ಬಚ್ಚಿಟ್ಟ ಬಿಸ್ಕತ್ತನ್ನು ವಾಸನೆಯಿಂದಲೇ ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ. ಅವಳ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಎದೆ ಕೊಯ್ಸಿಕೊಂಡ ದೊಡ್ಡ ದೊಡ್ಡ ಗಂಡಸರು ಗಡಬಡಿಸಿ ಬಾಯಿ ಒರೆಸಿಕೊಳ್ಳುತ್ತಿದ್ದರು.

ಆ ವಾರ್ಡಿನಲ್ಲಿ ಒಂದು ರೂಢಿಯಿತ್ತು. ರೋಗಿಯನ್ನು ಮನೆಗೆ ಕಳಿಸುವ ಮುನ್ನ ಮನೆಮಂದಿಯನ್ನೆಲ್ಲ ಕೂರಿಸಿ ಹೇಳಬೇಕು: ಅವರಿಗೆ ಬೇರೆ, ನಿಮಗೆ ಬೇರೆ ಅಂತ ಅಡುಗೆ ಮಾಡಬೇಡಿ, ಒಂದೇ ಪಾತ್ರೆ ಇಡಿ, ಎಲ್ಲರೂ ಅದನ್ನೇ ತಿನ್ನಿ. ಪಕ್ಕದವರ ತಟ್ಟೆಯಲ್ಲಿ ಬೆಣ್ಣೆ ಕಂಡರೆ ಯಾವ ರೋಗಿಯ ಪಥ್ಯವೂ ಒಂದು ವಾರ ಬಾಳುವುದಿಲ್ಲ. ಈ ಮಾತನ್ನು ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಅವಳು ಒಂದಕ್ಷರ ತಪ್ಪದೆ ಹೇಳುತ್ತಿದ್ದಳು. ಹೀಗಿರುವಾಗ ತನ್ನ ಅಪ್ಪನಿಗೇ ಎದೆಯ ಆಪರೇಷನ್ ಆಗಿ ಅವರನ್ನು ಮನೆಗೆ ಕರೆತಂದ ಮೇಲೆ, ಊರಿಗೆಲ್ಲ ಹೇಳಿದ್ದನ್ನು ತನ್ನ ಮನೆಯಲ್ಲಿ ಮಾಡದೆ ಬಿಡುತ್ತಾಳೆಯೇ? ಸಕ್ಕರೆ ಡಬ್ಬಿ ಹೋಯಿತು, ಬೆಣ್ಣೆ ಹೋಯಿತು. ಬಾಗಿಲಿಗೆ ಕೆನೆ ತೆಗೆದ ಹಾಲೇ ಬರತೊಡಗಿತು. ಗಂಡ ಹಡಗಿನ ಎಂಜಿನ್ನಿನ ಜೊತೆ ತಿಂಗಳುಗಟ್ಟಲೆ ಇರುವವನು, ರಜೆಗೆ ಬಂದಾಗ ನಾಲ್ಕು ದಿನ ಗೊಣಗಿ ಹೋದ. ಆಗಷ್ಟೇ ಎದೆಹಾಲು ಬಿಟ್ಟಿದ್ದ ಮಗಳು ಪುಟ್ಟಿಗೆ ಗೊಣಗಲು ಮಾತೇ ಬರುತ್ತಿರಲಿಲ್ಲ.

ಆ ಮನೆಯಲ್ಲಿ ಕೊಬ್ಬಿಗೆ ಹಕ್ಕುದಾರರು ಎಂದರೆ ಒಬ್ಬರೇ, ಅದೂ ಹೃದ್ರೋಗಿ. ಆಪರೇಷನ್ನಿನಿಂದ ಸೊರಗಿದ್ದ ಅಪ್ಪನಿಗೆ ಡಾಕ್ಟರೇ ಹೇಳಿದ್ದರು: ಬೆಳಿಗ್ಗೆ ಒಂದು ಇಡೀ ಮೊಟ್ಟೆ, ಒಂದು ಹಿಡಿ ಅಕ್ರೋಟು, ಒಂದು ಬಟ್ಟಲು ಗಟ್ಟಿ ಮೊಸರು ಬೇಕೇ ಬೇಕು. ಅಪ್ಪ ಆಯುಷ್ಯವೆಲ್ಲ ಟೈಲರ್ ಆಗಿದ್ದವರು. ಈಗಲೂ ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ ಇಟ್ಟುಕೊಂಡು, ಬೀದಿಯಲ್ಲಿ ಹೋಗುವವರ ಕೋಟಿನ ಭುಜ ಸರಿಯಿಲ್ಲವೆಂದು ತಮ್ಮಷ್ಟಕ್ಕೇ ಬೈಯುತ್ತ ಕೂರುತ್ತಿದ್ದರು. ಮಗಳು ಕೆಲಸಕ್ಕೆ ಹೋದ ಮೇಲೆ ಮೊಮ್ಮಗಳಿಗೆ ತಿಂಡಿ ತಿನ್ನಿಸಿ, ಬೀದಿಯ ಕೊನೆಯ ಶಿಶುವಿಹಾರಕ್ಕೆ ಬಿಟ್ಟು ಬರುವುದು ಅವರ ಪಾಲಿನ ಕೆಲಸ.

ಕೆಳಗಿನ ಮನೆಯಲ್ಲಿ ಸಿಟಿ ಬಸ್ಸು ಓಡಿಸುವ ಡ್ರೈವರಮ್ಮ ಇದ್ದಳು. ಅವಳಿಗೆ ಪುಟ್ಟಿಯ ಓರಗೆಯ ಒಬ್ಬ ಮಗ. ಹುಟ್ಟಿದಾಗ ಕೆನ್ನೆ ಯಾವುದು, ಕುತ್ತಿಗೆ ಯಾವುದು ತಿಳಿಯದಷ್ಟು ದುಂಡಗಿದ್ದನೆಂದು ಗುಂಡ ಎಂದೇ ಕರೆದಿದ್ದರು. ಬೆಳಗಿನ ಪಾಳಿಗೆ ಓಡುವ ಅವಸರದಲ್ಲಿ ಡ್ರೈವರಮ್ಮ ಸಕ್ಕರೆ ಹಾಲಿನ ಬಾಟಲಿಯನ್ನು ಅವನ ಬಾಯಿಗಿಡುತ್ತಿದ್ದಳು. ಸಂಜೆ ಡಬ್ಬಿಯ ಹಣ್ಣಿನ ರಸ, ಕ್ರೀಮ್ ಬಿಸ್ಕತ್ತು. ಅವನ ಮುಂದಿನ ಹಲ್ಲುಗಳ ಮೇಲೆ ಕಂದು ಚುಕ್ಕೆ ಎದ್ದದ್ದನ್ನು ಮೊದಲು ಕಂಡವಳು ತಕ್ಕಡಿ ಅಕ್ಕನೇ. ಡ್ರೈವರಮ್ಮನ ಅಡುಗೆಮನೆಗೆ ಹೋಗಿ, ಅವಳದೇ ಡಬ್ಬಿಯ ಸಕ್ಕರೆಯನ್ನು ಚಮಚ ಚಮಚವಾಗಿ ತಟ್ಟೆಗೆ ಸುರಿದು, ಒಂದು ಡಬ್ಬಿ ರಸದಲ್ಲಿ ಇಷ್ಟು ಸಕ್ಕರೆ ಇದೆ ನೋಡು ಎಂದು ತೋರಿಸಿದಳು. ಡ್ರೈವರಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅಂದೇ ಆ ಮನೆಯಿಂದ ಸಕ್ಕರೆ ಹೊರಬಿತ್ತು. ಎರಡು ತಿಂಗಳಲ್ಲಿ ಚುಕ್ಕೆ ಹರಡುವುದು ನಿಂತಿತು, ನಿದ್ದೆಯ ಹೊತ್ತಿನ ರಂಪವೂ ಇಳಿಯಿತು. ಆಮೇಲೆ ಮೇಲಿನ ಮನೆಯ ಅಕ್ಕ ಹಾಕಿದ ಗೆರೆಯನ್ನು ದಾಟುವ ಮಾತೇ ಇಲ್ಲ.

ಅಲ್ಲಿಗೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಒಂದು ಸಲಹೆ ಫಲಿಸಿದರೆ ಇನ್ನೊಂದನ್ನು ಕೊಡದೆ ತೆಪ್ಪಗಿರುವುದು ಯಾರಿಂದ ಆಗುತ್ತದೆ? ಸಕ್ಕರೆ ಹೋದ ಬೆನ್ನಿಗೇ ಬೆಣ್ಣೆಗೂ ಕುತ್ತು ಬಂತು.

"ನಮ್ಮ ಪುಟ್ಟಿಗೆ ಏನು ಕೊಡ್ತೀನೋ ಅದನ್ನೇ ಇವನಿಗೂ ಕೊಡು," ಎಂದಳು ತಕ್ಕಡಿ ಅಕ್ಕ. "ಕೆನೆ ತೆಗೆದ ಹಾಲು, ಮೊಟ್ಟೆಯ ಬಿಳಿ ಮಾತ್ರ, ಬೇಯಿಸಿದ ತರಕಾರಿ, ಒಣ ಬ್ರೆಡ್ಡು. ಈಗಿಂದಲೇ ರೂಢಿ ಆದ್ರೆ ಮುಂದೆ ನಮ್ಮ ವಾರ್ಡಿಗೆ ಬರೋ ಗತಿ ಬರಲ್ಲ."

"ನೀವು ಹೇಳಿದ ಮೇಲೆ ಮುಗೀತು ಅಕ್ಕ," ಎಂದಳು ಡ್ರೈವರಮ್ಮ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು ಕೂಡ.

ಒಂದೂವರೆ ವರ್ಷ ತುಂಬುವ ಹೊತ್ತಿಗೆ ಪುಟ್ಟಿ ಮಂಚ ಹತ್ತಿ ಇಳಿದು, ತಾತನ ದಾರದ ಉಂಡೆಗಳನ್ನೆಲ್ಲ ಬಿಚ್ಚಿ, ಮನೆಯನ್ನು ತಲೆಕೆಳಗು ಮಾಡುತ್ತಿದ್ದಳು. ಸಕ್ಕರೆಯಿಲ್ಲದೆ, ಬೆಣ್ಣೆಯಿಲ್ಲದೆ ಮಗು ಹೇಗೆ ಬೆಳೆಯುತ್ತದೆ ನೋಡಿ ಎಂದು ತಕ್ಕಡಿ ಅಕ್ಕ ಶಿಶುವಿಹಾರದ ಬಾಗಿಲಲ್ಲಿ ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡದ್ದೂ ಉಂಟು. ಒಂದು ಸಂಜೆ ಡ್ರೈವರಮ್ಮ ಗುಂಡನನ್ನು ಎತ್ತಿಕೊಂಡು ಮೇಲೆ ಬಂದಳು.

"ಇವನ ಚಡ್ಡಿ ನೋಡಿ ಅಕ್ಕ. ಮೊನ್ನೆ ಮೊನ್ನೆ ತಂದಿದ್ದು, ಸೊಂಟದ ಮೇಲೆ ನಿಲ್ತಾನೇ ಇಲ್ಲ. ಇವತ್ತು ಹೆಲ್ತ್ ಸೆಂಟರಲ್ಲಿ ನರ್ಸಮ್ಮ ತೂಕ ನೋಡಿ ಮುಖ ಸಣ್ಣ ಮಾಡ್ಕೊಂಡ್ರು. ಮುಂದಿನ ತಿಂಗಳೂ ಹೀಗೇ ಇದ್ರೆ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕಂತೆ. ಕರುಳಲ್ಲಿ ಏನಾದ್ರೂ ಇರಬಹುದು, ಗಂಟಲಿಂದ ಕೊಳವೆ ಇಳಿಸಿ ನೋಡ್ತೀವಿ ಅಂದ್ರು."

ಅಷ್ಟು ದೊಡ್ಡ ಬಸ್ಸನ್ನು ಕಿರಿದಾದ ತಿರುವಿನಲ್ಲಿ ಸಲೀಸಾಗಿ ತಿರುಗಿಸುವ ಕೈ ಅವಳದು. ಅದೇ ಕೈ ಈಗ ಜಾರುವ ಚಡ್ಡಿಯನ್ನು ಮತ್ತೆ ಮತ್ತೆ ಮೇಲಕ್ಕೆ ಎಳೆಯುತ್ತಿತ್ತು. ಗುಂಡ ತಾಯಿಯ ಹೆಗಲಿಗೆ ತಲೆಯಾನಿಸಿ ಪುಟ್ಟಿಯ ಓಡಾಟವನ್ನು ಸುಮ್ಮನೆ ನೋಡುತ್ತಿದ್ದ.

"ಹೊಟ್ಟೆಹುಳ?"

"ಔಷಧಿ ಕೊಟ್ಟಾಯ್ತು. ಹುಳ ಇಲ್ಲವಂತೆ."

"ಭೇದಿ, ವಾಂತಿ?"

"ಏನೂ ಇಲ್ಲ. ಕೊಟ್ಟಿದ್ದೆಲ್ಲ ತಿಂತಾನೆ. ನಿಮ್ಮಾಣೆ, ನೀವು ಹೇಳಿದ್ದಕ್ಕಿಂತ ಒಂದು ಚೂರು ಆಚೀಚೆ ಮಾಡಿಲ್ಲ."

ತಕ್ಕಡಿ ಅಕ್ಕನಿಗೆ ನಿದ್ದೆ ಹಾರಿತು. ಭಯಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಒಂದು ಪ್ರಶ್ನೆ. ಅದೇ ಹಾಲು, ಅದೇ ತರಕಾರಿ, ಅದೇ ಶಿಶುವಿಹಾರ. ಒಂದು ಮಗು ಬೆಳೆಯುತ್ತಿದೆ, ಇನ್ನೊಂದು ಒಣಗುತ್ತಿದೆ. ಹೇಗೆ? ರಜೆಯ ದಿನ ಅವಳು ಎರಡು ಮಕ್ಕಳನ್ನೂ ಒಂದೇ ಮೇಜಿಗೆ ಕೂರಿಸಿದಳು. ಎರಡು ತಟ್ಟೆಗೂ ಸರಿಸಮನಾಗಿ ತೂಗಿ ಬಡಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತ ಕೂತಳು.

ಗುಂಡ ತಟ್ಟೆ ಖಾಲಿ ಮಾಡಿದ. ಬೆರಳಿನಿಂದ ಬಳಿದ, ಕೊನೆಗೆ ತಟ್ಟೆಯನ್ನೇ ಎತ್ತಿ ನೆಕ್ಕಿದ. ಪುಟ್ಟಿ ನಾಲ್ಕು ತುತ್ತು ತಿಂದು ಕ್ಯಾರೆಟ್ಟನ್ನು ನೆಲಕ್ಕೆ ಒಗೆದು, ಮೂತಿ ತಿರುವಿ ಕುರ್ಚಿಯಿಂದ ಇಳಿದೇ ಬಿಟ್ಟಳು. ಅವಳು ಬಿಟ್ಟದ್ದನ್ನೂ ಗುಂಡನೇ ತಿಂದ. ತಕ್ಕಡಿ ಅಕ್ಕ ಕ್ಯಾರೆಟ್ ಚೂರನ್ನು ಕೈಯಲ್ಲಿ ಹಿಡಿದುಕೊಂಡು ಬೆಪ್ಪಾಗಿ ನಿಂತಳು. ಕಡಿಮೆ ತಿನ್ನುವವಳು ಬೆಳೆಯುತ್ತಿದ್ದಾಳೆ, ತಟ್ಟೆ ನೆಕ್ಕುವವನು ಬಡವಾಗುತ್ತಿದ್ದಾನೆ. ಇದು ಯಾವ ಲೆಕ್ಕ? ಹೊಟ್ಟೆ ತುಂಬಿದ ಮಗುವಷ್ಟೇ ಹೀಗೆ ಮೂತಿ ತಿರುವುತ್ತದೆ. ಹಾಗಾದರೆ ಪುಟ್ಟಿಯ ಹೊಟ್ಟೆಯನ್ನು ಬೇರೆ ಯಾರೋ ತುಂಬಿಸುತ್ತಿದ್ದಾರೆ.

ವಾರ್ಡಿನ ಅನುಭವ ಅವಳಿಗೆ ಒಂದೇ ದಾರಿ ತೋರಿಸಿತು: ಸಕ್ಕರೆ. ಶಿಶುವಿಹಾರದ ಆಯಾ, "ಹಣ್ಣಿನ ಹೋಳು, ನೀರು, ಇನ್ನೇನೂ ಕೊಡಲ್ಲ ತಾಯಿ. ಎಲ್ಲಾ ಮಕ್ಕಳಿಗೂ ಒಂದೇ," ಎಂದು ತಲೆಯ ಮೇಲೆ ಕೈಯಿಟ್ಟು ಹೇಳಿದಳು. ಹಾಗಾದರೆ ಉಳಿದವರು ಅಪ್ಪ. ಅಪ್ಪ ಸಂಜೆ ವಾಕಿಂಗಿಗೆ ಹೋದ ಸಮಯ ನೋಡಿ ಅವಳು ಮನೆ ಜಾಲಾಡಿದಳು. ಗುಂಡಿಗಳ ಡಬ್ಬಿ ಸುರಿದಳು, ಕೋಟಿನ ಜೇಬುಗಳನ್ನು ಒಳಹೊರಗು ಮಾಡಿದಳು. ಮೆಷಿನ್ನಿನ ಡ್ರಾಯರಿನ ಮೂಲೆಯಲ್ಲಿ ಬಿಳಿಯ ಚಪ್ಪಟೆ ತುಂಡೊಂದು ಸಿಕ್ಕಿತು. ಸಿಕ್ಕಿಬಿದ್ದರು ಅಪ್ಪ ಎಂದುಕೊಂಡು ನಾಲಿಗೆಯ ಮೇಲಿಟ್ಟು ನೋಡಿದರೆ, ಅದು ಬಟ್ಟೆಯ ಮೇಲೆ ಗೆರೆ ಹಾಕುವ ಸೀಮೆಸುಣ್ಣ. ಥೂ ಥೂ ಎಂದು ಬಾಯಿ ತೊಳೆದುಕೊಳ್ಳಲು ಓಡಿದಳು.

ಬಚ್ಚಲಿನಲ್ಲಿ ಅಪ್ಪನ ಒಗೆದ ಪ್ಯಾಂಟು ನೇತಾಡುತ್ತಿತ್ತು. ಒಳಮಗ್ಗುಲು ಹೊರಗಾಗಿತ್ತು. ಬಾಯಿ ಒರೆಸಿಕೊಳ್ಳುತ್ತಿದ್ದವಳ ಕಣ್ಣು ಸೊಂಟದ ಪಟ್ಟಿಯ ಮೇಲೆ ಬಿತ್ತು. ಬೆನ್ನಿನ ಕಡೆಯ ಹೊಲಿಗೆ ಬಿಚ್ಚಿ, ಬಟ್ಟೆಯನ್ನು ಒಳಕ್ಕೆ ಎಳೆದು ಮತ್ತೆ ಹೊಲಿದಿದ್ದರು. ಅದರ ಪಕ್ಕದಲ್ಲೇ ಹಳೆಯ ಸೂಜಿ ತೂತುಗಳ ಸಾಲು, ಅದರಾಚೆ ಇನ್ನೊಂದು ಸಾಲು. ಕಪಾಟಿನಿಂದ ಇನ್ನೊಂದು ಪ್ಯಾಂಟು ತೆಗೆದು ನೋಡಿದಳು, ಅದೂ ಹಾಗೆಯೇ. ಅಪ್ಪ ಕರಗುತ್ತಿದ್ದರು. ಕರಗಿದಂತೆಲ್ಲ ಪ್ಯಾಂಟನ್ನು ತಾವೇ ಕಿರಿದು ಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ಠಾಕುಠೀಕಾಗಿ ಓಡಾಡುತ್ತಿದ್ದರು. ಹೊಲಿಗೆ ಎಷ್ಟು ಅಚ್ಚುಕಟ್ಟೆಂದರೆ, ರೋಗಿಗಳ ದಿಂಬಿನ ಕೆಳಗೆ ಇಣುಕುವ ಮಗಳಿಗೆ ಮನೆಯಲ್ಲೇ ಚಳ್ಳೆಹಣ್ಣು ತಿನ್ನಿಸಿದ್ದರು.

ಬೆಳಿಗ್ಗೆ ಅವಳೇ ಕೈಯಾರೆ ಮೊಟ್ಟೆ ಬೇಯಿಸಿ, ಅಕ್ರೋಟು ತೂಗಿ, ಮೊಸರು ಇಟ್ಟು ಹೋಗುತ್ತಾಳೆ. ಸಂಜೆ ಬಂದಾಗ ಮೂರೂ ಖಾಲಿ. ತಿಂದೂ ಕರಗುವ ಕಾಯಿಲೆಗಳ ಹೆಸರುಗಳೆಲ್ಲ ಒಂದೊಂದಾಗಿ ತಲೆಯಲ್ಲಿ ಸುಳಿದವು. ಅಪ್ಪನನ್ನು ಕಳೆದುಕೊಳ್ಳುತ್ತೇನೇನೋ ಎಂದು ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕೂತು ಅತ್ತಳು. ಅತ್ತು ಮುಗಿಸಿ ಮೂಗು ಒರೆಸಿಕೊಳ್ಳುವಾಗ ತಟ್ಟನೆ ಅನ್ನಿಸಿತು: ತಟ್ಟೆ ಖಾಲಿಯಾದದ್ದನ್ನು ನೋಡಿದ್ದೇನೆ. ಅಪ್ಪ ತಿಂದದ್ದನ್ನು ನೋಡಿದ್ದೇನೆಯೇ?

ಮರುದಿನ ಬೆಳಿಗ್ಗೆ ಎಂದಿನಂತೆ ಕೈಚೀಲ ಹೆಗಲಿಗೇರಿಸಿ ಹೊರಟಳು. ಮೆಟ್ಟಿಲ ತಿರುವಿನವರೆಗೆ ಇಳಿದು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಹಿಂದಿರುಗಿ ಬಂದು ಬಾಗಿಲನ್ನು ಮೆಲ್ಲಗೆ ತೆರೆದಳು.

ಅಡುಗೆಮನೆಯಲ್ಲಿ ಅಪ್ಪ ಮೊಟ್ಟೆಯ ಹಳದಿಯನ್ನು ಬಟ್ಟಲಿನಲ್ಲಿ ಹಿಸುಕುತ್ತಿದ್ದರು. ಅಕ್ರೋಟನ್ನು ಆಗಲೇ ನುಣ್ಣಗೆ ಕುಟ್ಟಿಟ್ಟಿದ್ದರು. ಎರಡನ್ನೂ ಮೊಸರಿಗೆ ಹಾಕಿ ಕಲಸಿದರು. ಪುಟ್ಟಿ ಅವರ ಮೊಣಕಾಲಿಗೆ ಒರಗಿ, ತಲೆ ಹಿಂದಕ್ಕೆ ಚೆಲ್ಲಿ, ಬಾಯಿಯನ್ನು ಇಷ್ಟಗಲ ತೆರೆದುಕೊಂಡು ನಿಂತಿದ್ದಳು. "ತಡಿ ಮಹಾರಾಣಿ, ಗಂಟು ಉಳಿದ್ರೆ ಗಂಟಲಿಗೆ ಸಿಕ್ಕೊಳ್ಳುತ್ತೆ," ಎನ್ನುತ್ತ ಅಪ್ಪ ಮೊದಲ ಚಮಚ ಕೊಟ್ಟರು. ಪುಟ್ಟಿಯ ಮೈಯೆಲ್ಲ ಖುಷಿಯಿಂದ ಅಲುಗಿತು. ಬಟ್ಟಲು ಬರಿದಾದ ಮೇಲೆ ಅಪ್ಪ ಅವಳ ಪಾಲಿನ ಒಣ ಬ್ರೆಡ್ಡನ್ನು ಕೆನೆ ತೆಗೆದ ಹಾಲಿನಲ್ಲಿ ಅದ್ದಿಕೊಂಡು ತಿಂದರು.

"ಯಾವಾಗಿಂದ ಅಪ್ಪಾ?" ಎಂದಳು ಬಾಗಿಲಲ್ಲಿ ನಿಂತವಳು.

ಅಪ್ಪ ಬೆಚ್ಚಲಿಲ್ಲ. ಬ್ರೆಡ್ಡನ್ನು ಅಗಿದು ನುಂಗಿದರು. "ನೀನು ಹಾಲು ಬದಲಾಯಿಸಿದಾಗಿಂದ. ನಾನು ಮೊಟ್ಟೆ ಸುಲಿಯೋಕೆ ಕೂತ್ರೆ ಇವಳು ಬಂದು ಹೀಗೆ ಬಾಯಿ ತೆಗೀತಾಳೆ. ಒಂದಿನ ಒಂದು ಚೂರು ಕೊಟ್ಟೆ. ಆಗ ಅವಳ ಮುಖ ನೋಡಬೇಕಿತ್ತು ನೀನು. ಆಮೇಲೆ ನನ್ನ ಗಂಟಲಲ್ಲಿ ಅದು ಇಳೀಲೇ ಇಲ್ಲ ಕಣಮ್ಮ."

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಒಂದೇ ಪಾತ್ರೆ, ಒಂದೇ ಪಾತ್ರೆ ಅಂತ ನನಗೇ ಪಾಠ ಮಾಡ್ತಿದ್ದೆ. ಮಾರನೇ ದಿನದಿಂದ ಎದುರಿಗೆ ನಿಂತು ನನ್ನ ಬಾಯಿಗೆ ತುರುಕ್ತಿದ್ದೆ. ಇವಳು ನೋಡ್ತಾ ನಿಂತಿರ್ತಿದ್ಲು."

"ಹೋದ ಸಲ ಆಸ್ಪತ್ರೆಯಲ್ಲಿ ತೂಕ ಸರಿಯಾಗೇ ಇತ್ತಲ್ಲ."

ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದರು. "ಜೇಬಲ್ಲಿ ಕತ್ತರಿ ಇತ್ತು. ದೊಡ್ಡದು. ಎರಡೂ ಜೇಬಲ್ಲಿ."

ಅವಳಿಗೆ ಸಿಟ್ಟು ಬಂತು, ನಗು ಬಂತು, ಅಪ್ಪನಿಗೆ ಕಾಯಿಲೆಯಿಲ್ಲ ಎಂಬ ಸಮಾಧಾನವೂ ಬಂತು. ಕುರ್ಚಿ ಎಳೆದು ಕೂತಳು. ಪುಟ್ಟಿಯ ಗಲ್ಲಕ್ಕೆ ಮೆತ್ತಿದ್ದ ಹಳದಿಯನ್ನು ಸೆರಗಿನ ಬದಲು ಬೆರಳಿನಿಂದಲೇ ಒರೆಸಿ, ಆ ಬೆರಳನ್ನೇ ನೋಡುತ್ತ ಉಳಿದಳು. ಪುಟ್ಟಿ ಬೆಳೆದದ್ದು ತಾನು ಕೊಟ್ಟದ್ದರಿಂದಲ್ಲ. ತಾನು ಹೇಳಿದ್ದನ್ನಷ್ಟೇ ತಿಂದ ಮಗು ಕೆಳಗಿನ ಮನೆಯಲ್ಲಿದೆ.

ಕೆಲಸಕ್ಕೆ ರಜೆ ಹೇಳಿ, ಮಕ್ಕಳ ವಾರ್ಡಿನಲ್ಲಿ ತನ್ನದೇ ಕೆಲಸ ಮಾಡುವ ಗೆಳತಿಗೆ ಫೋನ್ ಮಾಡಿದಳು. ಒಂದೂವರೆ ವರ್ಷದ ಮಗು, ಹೀಗೆ ಹೀಗೆ ತಿನ್ನುತ್ತದೆ, ತೂಕ ಏರುತ್ತಿಲ್ಲ ಎಂದು ವಿವರಿಸಿದಳು.

"ಆ ವಯಸ್ಸಿನ ಮಗೂಗೆ ಕೆನೆ ತೆಗೆದ ಹಾಲಾ? ಯಾವ ಪುಣ್ಯಾತ್ಮರು ಹೇಳಿದ್ದು?" ಎಂದಳು ಗೆಳತಿ.

"ಯಾರೋ ಪರಿಚಯದವರು."

"ಸಕ್ಕರೆ ಬಿಡಿಸಿದ್ದು ಸರಿ. ಎರಡು ವರ್ಷದ ತನಕ ಮಕ್ಕಳು ಅದರ ಮುಖಾನೂ ನೋಡಬೇಕಾಗಿಲ್ಲ. ಆದರೆ ಕೊಬ್ಬು ಕಿತ್ಕೊಂಡ್ರೆ ಹೇಗೆ? ಅಷ್ಟು ಪುಟ್ಟ ಹೊಟ್ಟೆ, ಅದರಲ್ಲಿ ಎಷ್ಟು ಹಿಡಿಯುತ್ತೆ? ತರಕಾರಿ, ನೀರಿನಂಥ ಹಾಲು ತುಂಬಿಸಿದ್ರೆ ಹೊಟ್ಟೆ ತುಂಬುತ್ತೆ, ಮೈ ತುಂಬಲ್ಲ. ಮಿದುಳು ಬೆಳೆಯೋ ಕಾಲ ಬೇರೆ. ಕೆನೆ ಇರೋ ಹಾಲು, ಇಡೀ ಮೊಟ್ಟೆ, ಬ್ರೆಡ್ಡಿಗೆ ಬೆಣ್ಣೆ ಕೊಡೋಕೆ ಹೇಳು, ಮಗೂನ ಇಲ್ಲಿಗೂ ಕರ್ಕೊಂಡು ಬರಲಿ. ಅಲ್ವೇ, ಇದೆಲ್ಲ ನಿನಗೂ ಗೊತ್ತಿರೋದೇ. ಒಂದೇ ಬೆಂಚಲ್ಲಿ ಕೂತು ಓದಿದ್ದಲ್ವಾ ನಾವು?"

ಓದಿದ್ದಳು. ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದಳು. ಆದರೆ ಆಮೇಲಿನ ವರ್ಷಗಳೆಲ್ಲ ಕಟ್ಟಿಕೊಂಡ ರಕ್ತನಾಳಗಳ ನಡುವೆಯೇ ಕಳೆದು, ಕೊಬ್ಬೆಂದರೆ ಕಳ್ಳ ಎಂಬುದೊಂದೇ ತಲೆಯಲ್ಲಿ ಉಳಿದುಕೊಂಡಿತ್ತು. ವಾರ್ಡಿಗೆ ಬರುವವರು ಯಾರೂ ಒಂದೂವರೆ ವರ್ಷದವರಾಗಿರಲಿಲ್ಲ.

ಡ್ರೈವರಮ್ಮ ಪಾಳಿ ಮುಗಿಸಿ, ಶಿಶುವಿಹಾರದಿಂದ ಮಗನನ್ನು ಕರೆದುಕೊಂಡು ಬರುವುದು ಮಧ್ಯಾಹ್ನಕ್ಕೆ. ಅಲ್ಲಿಯವರೆಗೆ ತಕ್ಕಡಿ ಅಕ್ಕ ಮನೆಯೊಳಗೆ ಶತಪಥ ಹಾಕಿದಳು. ಒಂದು ಉಪಾಯವೂ ಹೊಳೆಯಿತು. ಇನ್ನು ಮೇಲೆ ಕೆನೆ ಹಾಲು ಕೊಡು ಎಂದು ಹೇಳಿದರಾಯಿತು. ಯಾಕೆ, ಏನು ಎಂದು ಡ್ರೈವರಮ್ಮ ಕೇಳುವವಳಲ್ಲ. ಅಕ್ಕ ಹೇಳಿದರೆಂದು ಕೊಡುತ್ತಾಳೆ, ಮಗು ಚಿಗುರುತ್ತದೆ, ಅದರ ಪುಣ್ಯವೂ ತನಗೇ ಬರುತ್ತದೆ. ಕೇಳುವವಳಲ್ಲ ಎಂಬುದೇ ಅವಳನ್ನು ಚುಚ್ಚಿತು. ಅಂಗಡಿಯಿಂದ ಕೆನೆ ಹಾಲು ತಂದು, ಬೆಚ್ಚಗೆ ಮಾಡಿ, ಪಾತ್ರೆ ಹಿಡಿದು ಕೆಳಗಿಳಿದಳು.

ಡ್ರೈವರಮ್ಮ ಯೂನಿಫಾರ್ಮ್ ಇನ್ನೂ ಬದಲಿಸಿರಲಿಲ್ಲ. ಗುಂಡ ನೆಲದ ಮೇಲೆ ಕೂತು ಖಾಲಿ ಡಬ್ಬಿಯೊಂದರ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. ತಕ್ಕಡಿ ಅಕ್ಕ ನಿಂತುಕೊಂಡೇ ಎಲ್ಲ ಹೇಳಿದಳು. ಅಪ್ಪನ ಮೊಟ್ಟೆ, ಅಕ್ರೋಟು, ಗೆಳತಿಯ ಮಾತು, ಒಂದನ್ನೂ ಮುಚ್ಚಿಡಲಿಲ್ಲ. "ತಪ್ಪು ನಂದು. ದೊಡ್ಡೋರ ಪಥ್ಯಾನ ಕೂಸಿಗೆ ಹಾಕಿದೆ. ನಾಳೆ ಮಕ್ಕಳ ವಾರ್ಡಿಗೆ ಹೋಗೋಣ, ನಾನೂ ಬರ್ತೀನಿ. ಏನು ಮಾಡಿದೆ ಅಂತ ಅಲ್ಲೂ ನಾನೇ ಹೇಳ್ತೀನಿ."

"ನರ್ಸಮ್ಮ ಕೇಳಿದ್ರು, ಮಗೂಗೆ ಏನು ಕೊಡ್ತೀಯಾ ಅಂತ," ಎಂದಳು ಡ್ರೈವರಮ್ಮ. "ಮೇಲಿನ ಮನೆಯವರು ಆಸ್ಪತ್ರೆಯವರೇ, ಅವರು ಹೇಳಿದ ಹಾಗೇ ಕೊಡ್ತಿದೀನಿ ಅಂದೆ. ಅವರೂ ಮುಂದೆ ಕೇಳಲಿಲ್ಲ." ಮಗನ ಕಡೆ ತಿರುಗಿ, "ಹಾಗಾದ್ರೆ ಇವನ ಕರುಳಲ್ಲಿ ಏನೂ ಇಲ್ವಾ ಅಕ್ಕ?"

"ನಂಗೆ ಗೊತ್ತಿರೋ ಮಟ್ಟಿಗೆ ಹಸಿವು ಅಷ್ಟೇ."

"ಹಸಿವು," ಎಂದಳು ಡ್ರೈವರಮ್ಮ. ಗೋಡೆಗೆ ಒರಗಿ ಮಗನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು.

ತಕ್ಕಡಿ ಅಕ್ಕ ಲೋಟಕ್ಕೆ ಹಾಲು ಬಗ್ಗಿಸಿ ಗುಂಡನ ಕೈಗೆ ಕೊಟ್ಟಳು. ಅವನು ಮೂಗು ಮುಳುಗಿಸಿ ಗಟಗಟ ಕುಡಿದ. ಅರ್ಧಕ್ಕೆ ಬಂದಾಗ ನಿಲ್ಲಿಸಿ, ತಾಯಿಯ ಮುಖ ನೋಡಿದ. ಲೋಟವನ್ನು ತಾನಾಗಿಯೇ ಅವಳ ಕಡೆ ನೂಕಿ, ತೊದಲು ದನಿಯಲ್ಲಿ, "ಸಾಕು," ಎಂದ.

"ಕೇಳಿದ್ರಾ ಅಕ್ಕ? ಇವನು ಮೊದಲು ಕಲಿತ ಮಾತು ಅದೇ," ಎಂದಳು ಡ್ರೈವರಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಕ್ಕಡಿ ಅಕ್ಕ ಸಹಿಸಿಕೊಳ್ಳುತ್ತಿದ್ದಳು. "ಎಲ್ಲ ಮಕ್ಕಳೂ ಅಮ್ಮ ಅಂತಾರೆ. ಇವನು ಇನ್ನೂ ಬೇಕು ಅಂತ ಕೈ ಚಾಚಿದಾಗೆಲ್ಲ ನಾನು ಹೇಳ್ತಿದ್ದೆ, ಸಾಕು ಕಂದ, ಅಕ್ಕ ಇಷ್ಟೇ ಅಂದಿದ್ದಾರೆ ಅಂತ."

ತಕ್ಕಡಿ ಅಕ್ಕ ನೆಲಕ್ಕೆ ಮೊಣಕಾಲೂರಿದಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಸಾಕಾಗಿಲ್ಲ ಕಂದಾ. ಕುಡಿ," ಎಂದಳು. ಗುಂಡ ಅವಳ ಮಾತಿಗೆ ಸೊಪ್ಪು ಹಾಕಲಿಲ್ಲ, ತಾಯಿಯನ್ನೇ ನೋಡಿದ. ಡ್ರೈವರಮ್ಮ ಕುಡಿ ಎಂಬಂತೆ ತಲೆಯಾಡಿಸಿದಳು. ಅವನು ಮತ್ತೆ ಲೋಟ ಎತ್ತಿಕೊಂಡು, ಈ ಸಲ ನಿಧಾನವಾಗಿ, ತಳದ ತನಕ ಕುಡಿದ.

ಬರಿದಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅವನು ಪಾತ್ರೆಯ ಕಡೆ ನೋಡುತ್ತ ಕೂತ.

"ಇನ್ನೂ ಬೇಕಾ?" ಎಂದು ಕೇಳಿದಳು ತಕ್ಕಡಿ ಅಕ್ಕ.

ಅವನು ತುಟಿ ಅಲುಗಿಸಿದ. ಆ ಮಾತನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.